ಕರಾವಳಿಯ ಗಾಳಿಯಲ್ಲಿ ಹಳೆಯ ಪಿಕ್ಚರ್ ಟ್ಯೂಬ್

ಕ್ಯಾಥೋಡ್ ಕಿರಣ ಕೊಳವೆಯ ಮಾನಿಟರಿನಲ್ಲಿ ಕಾಣುವ ಚಿತ್ರವು ಯಾವ ಕ್ಷಣದಲ್ಲೂ ಇಡಿಯಾಗಿ ಪರದೆಯ ಮೇಲೆ ಇರುವುದಿಲ್ಲ. ಗಾಜಿನ ಕೊಳವೆಯ ಹಿಂತುದಿಯಿಂದ ಹೊರಟ ಇಲೆಕ್ಟ್ರಾನುಗಳ ಧಾರೆಯು, ಪರದೆಯ ಒಳಮೈಗೆ ಬಳಿದ ಫಾಸ್ಫರ್ ಲೇಪವನ್ನು, ಅಂದರೆ ಇಲೆಕ್ಟ್ರಾನ್ ಬಡಿದಾಗ ಬೆಳಕು ಸೂಸುವ ರಾಸಾಯನಿಕದ ಪದರವನ್ನು, ಪುಸ್ತಕ ಓದುವವರ ಕಣ್ಣಿನಂತೆ ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ಗೆರೆಗೆರೆಯಾಗಿ ಮುಟ್ಟುತ್ತ ಸಾಗುತ್ತದೆ. 1987ರಲ್ಲಿ ಐಬಿಎಂ ಸಂಸ್ಥೆ ರೂಢಿಗೆ ತಂದ ವಿಜಿಎ ಪದ್ಧತಿಯಲ್ಲಿ 480 ಗೆರೆಗಳ ಒಂದು ಚಿತ್ರ ಸೆಕೆಂಡಿಗೆ ಸುಮಾರು 60 ಬಾರಿ ಹೊಸದಾಗಿ ಮೂಡಬೇಕು. ಕಣ್ಣಿಗೆ ಕಾಣದಂತೆ ಬಿಟ್ಟ ಗೆರೆಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಧಾರೆಯು ಪ್ರತಿ ಸೆಕೆಂಡಿನಲ್ಲಿ ಹತ್ತಿರಹತ್ತಿರ 31,500 ಬಾರಿ ಪರದೆಯ ಅಡ್ಡಕ್ಕೂ ಓಡಿ ಹಿಂದಿರುಗಬೇಕು. ಈ ಕೆಲಸವೆಲ್ಲ ಒಂದೇ ಮಂಡಲದ ಪಾಲಿಗೆ ಬಂದದ್ದಲ್ಲ. ಧಾರೆಯನ್ನು ಹುಟ್ಟಿಸುವುದು ಒಂದು ಭಾಗ, ಅದನ್ನು ಅಡ್ಡಕ್ಕೆ ಎಳೆಯುವುದು ಇನ್ನೊಂದು, ಮೇಲಿನಿಂದ ಕೆಳಗೆ ಇಳಿಸುವುದು ಮತ್ತೊಂದು, ಬಣ್ಣಗಳ ಪ್ರಮಾಣವನ್ನು ಹಿಡಿದಿಡುವುದು ಬೇರೆಯೇ ಒಂದು. ಆದ್ದರಿಂದ ಯಾವ ಭಾಗ ಸೋತರೂ ಅದರ ಗುರುತು ಪರದೆಯ ಮೇಲೆ ತನ್ನದೇ ಆಕಾರದಲ್ಲಿ ಕಾಣಿಸಿಕೊಳ್ಳುತ್ತದೆ, ಮತ್ತು ಆ ಗುರುತನ್ನು ಓದಬಲ್ಲವರಿಗೆ ಹಿಂಬದಿಯ ಮುಚ್ಚಳ ಬಿಚ್ಚುವ ಮೊದಲೇ ದೋಷದ ನೆಲೆ ಬಹುಮಟ್ಟಿಗೆ ತಿಳಿದಿರುತ್ತದೆ.

ಮಂಗಳೂರಿನಲ್ಲಿ ಈ ಮಾನಿಟರುಗಳ ಕಾಲ ಬ್ಯಾಂಕುಗಳ ಗಣಕೀಕರಣದ ಕಾಲವೂ ಹೌದು. ಕರ್ನಾಟಕ ಬ್ಯಾಂಕ್ ಮತ್ತು ಅಂದಿನ ಕಾರ್ಪೊರೇಷನ್ ಬ್ಯಾಂಕುಗಳ ಕೇಂದ್ರ ಕಚೇರಿಗಳಿದ್ದ ನಗರದಲ್ಲಿ, ಸುರತ್ಕಲ್‌ನ ಎಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯಗಳಲ್ಲಿ, ಮುದ್ರಣಾಲಯಗಳಿಗೆ ಪುಟ ಕಟ್ಟಿಕೊಡುತ್ತಿದ್ದ ಡಿಟಿಪಿ ಕೇಂದ್ರಗಳಲ್ಲಿ ಮೇಜಿನ ಅರ್ಧ ಜಾಗವನ್ನು ಆಕ್ರಮಿಸಿ ಕುಳಿತ ಈ ಪೆಟ್ಟಿಗೆಗಳು ಒಂದು ತಲೆಮಾರಿನ ಕೆಲಸವನ್ನು ಹೊತ್ತಿವೆ. ಆದರೆ ಈ ಊರಿನ ಹವೆಯೂ ಭೂಮಿಯ ಮೇಲೆ ಈ ಊರು ಇರುವ ಜಾಗವೂ ಅವುಗಳ ಮುಪ್ಪಿಗೆ ತಮ್ಮದೇ ಬಣ್ಣ ಕೊಟ್ಟಿರುವುದರಿಂದ, ಬೇರೆ ದೇಶದಲ್ಲಿ ಬರೆದ ರಿಪೇರಿ ಕೈಪಿಡಿಯನ್ನು ಇಲ್ಲಿ ಅಕ್ಷರಶಃ ಅನುಸರಿಸಿದರೆ ಸಾಲದು.

ಮೊದಲು ಕೊಳವೆಯ ರಚನೆಯನ್ನು ಸ್ವಲ್ಪ ನೋಡಬೇಕು. 1897ರಲ್ಲಿ ಕಾರ್ಲ್ ಫರ್ಡಿನಾಂಡ್ ಬ್ರೌನ್ ಎಂಬ ಜರ್ಮನ್ ಭೌತವಿಜ್ಞಾನಿ ರೂಪಿಸಿದ ಮೂಲ ಕಲ್ಪನೆಯೇ ಬಣ್ಣದ ಮಾನಿಟರಿನಲ್ಲೂ ಉಳಿದಿದೆ. ಕೊಳವೆಯ ಕತ್ತಿನಲ್ಲಿ ಕೆಂಪು, ಹಸಿರು, ನೀಲಿಗಳಿಗೆಂದು ಮೂರು ಕ್ಯಾಥೋಡ್‌ಗಳಿರುತ್ತವೆ, 6.3 ವೋಲ್ಟಿನ ಹೀಟರ್ ಅವುಗಳನ್ನು ಕಾಯಿಸಿದಾಗ ಬೇರಿಯಂ ಮತ್ತು ಸ್ಟ್ರಾನ್ಷಿಯಂ ಆಕ್ಸೈಡುಗಳ ಲೇಪದಿಂದ ಇಲೆಕ್ಟ್ರಾನುಗಳು ಹೊರಬೀಳುತ್ತವೆ. ರಿಪೇರಿ ಮಾಡುವವರು ಇಎಚ್‌ಟಿ ಎಂದು ಕರೆಯುವ ಫ್ಲೈಬ್ಯಾಕ್ ಟ್ರಾನ್ಸ್‌ಫಾರ್ಮರ್ ಒದಗಿಸುವ ಸುಮಾರು 25,000 ವೋಲ್ಟಿನ ಒತ್ತಡ ಆ ಇಲೆಕ್ಟ್ರಾನುಗಳನ್ನು ಪರದೆಯತ್ತ ಸೆಳೆಯುತ್ತದೆ, ಕತ್ತಿನ ಸುತ್ತ ಕೂರಿಸಿದ ಯೋಕ್ ಎಂಬ ತಂತಿಸುರುಳಿಗಳು ತಮ್ಮ ಕಾಂತಕ್ಷೇತ್ರದಿಂದ ಧಾರೆಯನ್ನು ಬಾಗಿಸುತ್ತವೆ, ಮತ್ತು ಪರದೆಯ ಹಿಂದೆಯೇ ಇರುವ ಶಾಡೋ ಮಾಸ್ಕ್ ಎಂಬ ಸಣ್ಣ ರಂಧ್ರಗಳ ಲೋಹದ ಹಾಳೆ ಪ್ರತಿ ಧಾರೆಯೂ ತನ್ನ ಬಣ್ಣದ ಚುಕ್ಕಿಯನ್ನಷ್ಟೇ ಮುಟ್ಟುವಂತೆ ತಡೆ ಹಾಕುತ್ತದೆ.

ಬಣ್ಣ ಕೆಟ್ಟ ಮಾನಿಟರಿನ ತಪಾಸಣೆ ಕೇಬಲ್ಲಿನಿಂದ ಆರಂಭವಾಗಬೇಕು, ಏಕೆಂದರೆ ವಿಜಿಎ ಕೇಬಲ್ಲಿನ 15 ಪಿನ್ನುಗಳಲ್ಲಿ ಮೊದಲ ಮೂರು ಕ್ರಮವಾಗಿ ಕೆಂಪು, ಹಸಿರು, ನೀಲಿ ಸಂಕೇತಗಳನ್ನು ಒಯ್ಯುತ್ತವೆ, ಮತ್ತು ಅವುಗಳಲ್ಲಿ ಒಂದು ಬಾಗಿದರೂ ತುಕ್ಕು ಹಿಡಿದರೂ ಆ ಬಣ್ಣ ಪೂರ್ತಿ ಮಾಯವಾಗುತ್ತದೆ. ಕೆಂಪು ಹೋದರೆ ಬಿಳಿ ಪುಟ ತಿಳಿನೀಲಿ ಹಸಿರಾಗಿ, ಹಸಿರು ಹೋದರೆ ನೇರಳೆ ಗುಲಾಬಿಯಾಗಿ, ನೀಲಿ ಹೋದರೆ ಹಳದಿಯಾಗಿ ಕಾಣುತ್ತದೆ. ದೋಷ ಮಾನಿಟರಿನ ಹೊರಗಿದೆಯೋ ಒಳಗಿದೆಯೋ ಎಂದು ತಿಳಿಯಲು ಬಹಳ ಸರಳವಾದ ಪರೀಕ್ಷೆಯೊಂದಿದ್ದು, ಅದಕ್ಕೆ ಸಿಗಬೇಕಾದ ಮನ್ನಣೆ ಸಿಕ್ಕಿಲ್ಲ: ಮಾನಿಟರಿನ ಮುಂಭಾಗದ ಗುಂಡಿ ಒತ್ತಿದಾಗ ಬರುವ ಮೆನುವನ್ನು ಮಾನಿಟರೇ ಒಳಗೆ ತಯಾರಿಸುತ್ತದೆ, ಅದು ಕೇಬಲ್ಲಿನ ಮೂಲಕ ಬರುವುದಿಲ್ಲ. ಆದ್ದರಿಂದ ಚಿತ್ರದಲ್ಲಿ ಕೆಂಪಿಲ್ಲದೆ ಮೆನುವಿನಲ್ಲಿ ಕೆಂಪಿದ್ದರೆ ಕೇಬಲ್ಲನ್ನೋ ಕಂಪ್ಯೂಟರಿನ ಡಿಸ್‌ಪ್ಲೇ ಕಾರ್ಡನ್ನೋ ಸಂಶಯಿಸಬೇಕು. ಮೆನುವಿನಲ್ಲೂ ಕೆಂಪು ಇಲ್ಲದಿದ್ದರೆ ಒಳಗಿನ ವಿಡಿಯೋ ಆಂಪ್ಲಿಫೈಯರನ್ನೋ, ಕೊಳವೆಯ ಕತ್ತಿಗೆ ಸಿಕ್ಕಿಸಿದ ಚಿಕ್ಕ ಬೋರ್ಡನ್ನೋ, ಕೊನೆಗೆ ಕ್ಯಾಥೋಡನ್ನೇ ಸಂಶಯಿಸಬೇಕು. ಪೆಟ್ಟಿಗೆಯ ಮೇಲೆ ಮೆಲ್ಲಗೆ ತಟ್ಟಿದಾಗ ಹೋದ ಬಣ್ಣ ಮರಳುವುದಾದರೆ ಅದು ಬಹುತೇಕ ಡ್ರೈ ಸೋಲ್ಡರ್, ಎಂದರೆ ವರ್ಷಗಟ್ಟಲೆ ಕಾದು ಆರಿ ಬಿರುಕು ಬಿಟ್ಟ ಬೆಸುಗೆ. ಅದನ್ನು ಮತ್ತೆ ಕಾಯಿಸಿ ಹೊಸ ಸೀಸ ಕೊಟ್ಟರೆ ಮಾನಿಟರ್ ಇನ್ನೂ ಹಲವು ವರ್ಷ ದುಡಿಯಬಲ್ಲದು, ಆದರೆ ಇಂಥ ಬಡಪಾಯಿ ದೋಷಕ್ಕಾಗಿಯೇ ಎಷ್ಟೋ ಒಳ್ಳೆಯ ಮಾನಿಟರುಗಳು ಗುಜರಿ ಅಂಗಡಿಯ ದಾರಿ ಹಿಡಿದದ್ದು ವಿಷಾದದ ಸಂಗತಿ.

ಅಸ್ಪಷ್ಟತೆಯ ವಿಚಾರ ಇದಕ್ಕಿಂತ ಸೂಕ್ಷ್ಮವಾದುದು, ಮತ್ತು ಇಲ್ಲಿ ಕನ್ನಡ ಲಿಪಿಯೇ ಒಳ್ಳೆಯ ಪರೀಕ್ಷಾ ಚಿತ್ರವಾಗಿ ಒದಗುತ್ತದೆ. ಮಂಗಳೂರಿಗೆ ಸಮೀಪದ ಕಿನ್ನಿಕಂಬಳದ ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸದಿಂದ ಕನ್ನಡ ಅಚ್ಚುಮಾಡಿದವರೆಲ್ಲ ಪರದೆಯ ಮೇಲೆ ‘ದ’ ಮತ್ತು ‘ಧ’, ‘ಬ’ ಮತ್ತು ‘ಭ’ಗಳ ನಡುವಿನ ವ್ಯತ್ಯಾಸವನ್ನು ಅಕ್ಷರದ ಬುಡದಲ್ಲಿರುವ ಸಣ್ಣ ಸೀಳೊಂದರಿಂದಲೇ ಗುರುತಿಸಬೇಕಾಗಿತ್ತು; ಒತ್ತಕ್ಷರಗಳಂತೂ ಇನ್ನೂ ಚಿಕ್ಕವು. ರೋಮನ್ ಲಿಪಿಯ ಪುಟ ಓದಲು ಅಡ್ಡಿಯಾಗದಷ್ಟು ಮಸುಕು ಕನ್ನಡದ ಪುಟದಲ್ಲಿ ಕೂಡಲೇ ಎದ್ದು ಕಾಣುತ್ತದೆ. ಸಣ್ಣ ಅಳತೆಯ ಕನ್ನಡ ಅಕ್ಷರಗಳಿಂದ ಪರದೆ ತುಂಬಿಸಿ, ನಡುವನ್ನೂ ನಾಲ್ಕು ಮೂಲೆಗಳನ್ನೂ ಹೋಲಿಸಿ ನೋಡಿದರೆ ಮೂರು ಬೇರೆ ಬೇರೆ ದೋಷಗಳನ್ನು ಪ್ರತ್ಯೇಕಿಸಬಹುದು. ಅಕ್ಷರದ ಅಡ್ಡಗೆರೆ, ಉದ್ದಗೆರೆಗಳೆರಡೂ ಸಮನಾಗಿ ದಪ್ಪಗಾಗಿದ್ದರೆ ಧಾರೆಯೇ ಹಿಗ್ಗಿದೆ ಎಂದರ್ಥ, ಅದು ಫೋಕಸ್ ದೋಷ. ಅಡ್ಡಗೆರೆಗಳು ಚೊಕ್ಕವಾಗಿದ್ದು ಉದ್ದಗೆರೆಗಳ ಬಲಬದಿಗೆ ಮಾತ್ರ ಮಸಿ ಹರಿದಂತೆ ಬಾಲ ಮೂಡಿದ್ದರೆ ದೋಷ ಧಾರೆಯದಲ್ಲ, ಸಂಕೇತದ್ದು. ಧಾರೆ ಅಡ್ಡಕ್ಕೆ ಓಡುವುದರಿಂದ, ವಿಡಿಯೋ ಆಂಪ್ಲಿಫೈಯರ್ ಬೆಳಕನ್ನು ಬೇಗ ಏರಿಸಿ ಇಳಿಸಲಾರದೆ ನಿಧಾನವಾದರೆ ಆ ನಿಧಾನ ಅಡ್ಡ ದಿಕ್ಕಿನಲ್ಲಷ್ಟೇ ಕಾಣುತ್ತದೆ. ಬಾಲದ ಬದಲು ಬಲಕ್ಕೆ ತುಸು ದೂರದಲ್ಲಿ ಅಕ್ಷರದ ಮಂಕು ನಕಲೊಂದು ಕಂಡರೆ, ಕಳಪೆ ಕೇಬಲ್ಲಿನಲ್ಲಿ ಸಂಕೇತ ಪ್ರತಿಫಲಿಸಿ ಎರಡನೆಯ ಬಾರಿ ಬರುತ್ತಿದೆ ಎಂದು ತಿಳಿಯಬೇಕು. ಇನ್ನು ಅಕ್ಷರದ ಅಂಚಿನಲ್ಲಿ ಒಂದು ಬದಿಗೆ ಕೆಂಪು, ಇನ್ನೊಂದು ಬದಿಗೆ ನೀಲಿ ಕಂಡರೆ ಮೂರು ಧಾರೆಗಳು ಒಂದೇ ಬಿಂದುವಿನಲ್ಲಿ ಕೂಡುತ್ತಿಲ್ಲ; ಕನ್ವರ್ಜೆನ್ಸ್ ಎಂಬ ಈ ಕೂಡುವಿಕೆ ಮೂಲೆಗಳಲ್ಲಿ ತುಸು ತಪ್ಪುವುದು ಹೊಸ ಮಾನಿಟರಿನಲ್ಲೂ ಸಹಜ, ಆದರೆ ಅದು ಇದ್ದಕ್ಕಿದ್ದಂತೆ ಹೆಚ್ಚಿದರೆ ಯೋಕನ್ನು ಹಿಡಿದಿಟ್ಟ ರಬ್ಬರ್ ತುಂಡುಗಳ ಅಂಟು ಬಿಟ್ಟಿರುವ ಸಾಧ್ಯತೆ ಇದೆ.

ಫೋಕಸ್ ದೋಷಕ್ಕೆ ಮಂಗಳೂರಿನಲ್ಲಿ ಋತುವಿನ ಸಂಬಂಧವಿದೆ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಇಲ್ಲಿ ಮಳೆ ಸುರಿಯುವಾಗ ಗಾಳಿ ತೇವದಿಂದ ತುಂಬಿರುತ್ತದೆ, ಮತ್ತು ಅರಬ್ಬೀ ಸಮುದ್ರದ ಕಡೆಯಿಂದ ಬರುವ ಆ ಗಾಳಿಯಲ್ಲಿ ಉಪ್ಪಿನ ಸೂಕ್ಷ್ಮ ಕಣಗಳೂ ಇರುತ್ತವೆ. ಶುದ್ಧ ನೀರಿನ ತೆಳು ಪದರ ವಿದ್ಯುತ್ತನ್ನು ಅಷ್ಟಾಗಿ ಸಾಗಿಸದಿದ್ದರೂ, ಧೂಳು ಮತ್ತು ಉಪ್ಪು ಕೂಡಿದ ತೇವವು ಚೆನ್ನಾಗಿಯೇ ಸಾಗಿಸುತ್ತದೆ. ಕಡಿಮೆ ವೋಲ್ಟಿನ ಮಂಡಲಗಳಿಗೆ ಇದರಿಂದ ಒಡನೆಯೇ ದೊಡ್ಡ ತೊಂದರೆ ಆಗಲಾರದು. ಆದರೆ ಧಾರೆಯನ್ನು ಸಣ್ಣ ಬಿಂದುವಾಗಿ ಕೂಡಿಸುವ ಫೋಕಸ್ ತುದಿಗೆ ಹಲವು ಸಾವಿರ ವೋಲ್ಟ್ ಬೇಕು, ಮತ್ತು ಆ ವೋಲ್ಟೇಜನ್ನು ದೊಡ್ಡ ಬೆಲೆಯ ರೆಸಿಸ್ಟರುಗಳ ಮೂಲಕ ಕೊಡುವುದರಿಂದ ಅತಿ ಸಣ್ಣ ಸೋರಿಕೆಯೂ ಅದನ್ನು ಕುಗ್ಗಿಸಿಬಿಡುತ್ತದೆ. ಕೊಳವೆಯ ಕತ್ತಿಗೆ ಸಿಕ್ಕಿಸುವ ಸಾಕೆಟ್ಟಿನಲ್ಲಿ ಫೋಕಸ್ ಪಿನ್ನಿಗೆಂದೇ ಒಂದು ಚಿಕ್ಕ ಮುಚ್ಚಿದ ಗೂಡಿದ್ದು, ಅದರೊಳಗೆ ತೇವ ಸೇರಿ ಲೋಹಕ್ಕೆ ಹಸಿರು ಕಿಲುಬು ಹಿಡಿದಾಗ ಮಾನಿಟರಿನ ನಡವಳಿಕೆ ಬಹಳ ವಿಶಿಷ್ಟವಾಗಿರುತ್ತದೆ: ಬೆಳಿಗ್ಗೆ ಹಚ್ಚಿದಾಗ ಅಕ್ಷರಗಳೆಲ್ಲ ಮಸುಕಾಗಿದ್ದು, ಒಳಗಿನ ಬಿಸಿಗೆ ತೇವ ಆರಿದ ಮೇಲೆ ತಾವಾಗಿಯೇ ಚೊಕ್ಕವಾಗುತ್ತವೆ. ಮಳೆಗಾಲದಲ್ಲಿ ಕಾಣಿಸಿಕೊಂಡು ಬೇಸಿಗೆಯಲ್ಲಿ ಮರೆಯಾಗುವ ಈ ಮಸುಕಿಗೆ ಫ್ಲೈಬ್ಯಾಕಿನ ಫೋಕಸ್ ತಿರುಗಣೆಯನ್ನು ತಿರುಗಿಸುವುದು ಚಿಕಿತ್ಸೆಯಲ್ಲ, ಏಕೆಂದರೆ ತೇವ ಆರಿದೊಡನೆ ಚಿತ್ರ ಎದುರು ದಿಕ್ಕಿಗೆ ಕೆಡುತ್ತದೆ, ಸಾಕೆಟ್ಟನ್ನೇ ಬದಲಿಸಬೇಕು. ಇದಕ್ಕೆ ವಿರುದ್ಧವಾಗಿ, ಹಚ್ಚಿದಾಗ ಚೊಕ್ಕವಾಗಿದ್ದು ಕಾದಂತೆಲ್ಲ ಮಸುಕಾಗುವ ಮಾನಿಟರಿನಲ್ಲಿ ಫ್ಲೈಬ್ಯಾಕಿನೊಳಗಿನ ರೆಸಿಸ್ಟರುಗಳನ್ನು ಸಂಶಯಿಸುವುದು ಸರಿ. ಆನೋಡ್ ಕ್ಯಾಪ್, ಅಂದರೆ ದಪ್ಪ ಕೆಂಪು ತಂತಿ ಕೊಳವೆಯನ್ನು ಸೇರುವಲ್ಲಿರುವ ರಬ್ಬರ್ ಟೋಪಿಯ ಸುತ್ತ ಮಳೆಗಾಲದಲ್ಲಿ ಸುಯ್ ಎಂಬ ಸದ್ದು ಕೇಳಿ ಓಝೋನಿನ ಚುರುಕು ವಾಸನೆ ಬರುತ್ತಿದ್ದರೆ ಅದೂ ಇದೇ ತೇವದ ಕೆಲಸ. ಸ್ವಿಚ್ ಆರಿಸಿ, ಕೊಳವೆಯ ವಿದ್ಯುತ್ತನ್ನು ಹರಿಸಿ, ಅಲ್ಲಿನ ಧೂಳು ಒರೆಸಿ ಒಣಗಿಸಿದರೆ ಅದು ಬಹುಪಾಲು ನಿಲ್ಲುತ್ತದೆ.

ಊರು ಇರುವ ಜಾಗದ ಪ್ರಭಾವ ಇನ್ನೂ ಕುತೂಹಲಕರವಾದುದು. ಪರದೆಯ ಒಂದು ಮೂಲೆಯಲ್ಲಿ ಬಿಳಿಯ ಬದಲು ನಸುಗೆಂಪೋ ಹಸಿರೋ ಕಲೆಯಂತೆ ಹರಡಿದ್ದರೆ ಅದನ್ನು ಶುದ್ಧತೆಯ ದೋಷ ಎನ್ನುತ್ತಾರೆ: ಒಂದು ಬಣ್ಣದ ಧಾರೆ ಮಾಸ್ಕಿನ ರಂಧ್ರವನ್ನು ತಪ್ಪು ಕೋನದಲ್ಲಿ ಹಾದು ಪಕ್ಕದ ಬಣ್ಣದ ಚುಕ್ಕಿಯನ್ನು ಮುಟ್ಟುತ್ತಿದೆ. ಕಾರಣ ಬಹುಮಟ್ಟಿಗೆ ಕಾಂತತ್ವ, ಮತ್ತು ಭೂಮಿಯ ಕಾಂತಕ್ಷೇತ್ರವೇ ಅದಕ್ಕೆ ಸಾಕು. ಲೆಕ್ಕ ಹಾಕಿ ನೋಡಬಹುದು. 25,000 ವೋಲ್ಟಿಗೆ ಸಿಕ್ಕ ಇಲೆಕ್ಟ್ರಾನ್ ಬೆಳಕಿನ ವೇಗದ ಸುಮಾರು ಶೇಕಡಾ 30ರಷ್ಟು ವೇಗದಲ್ಲಿ ಓಡುತ್ತದೆ. ಮಂಗಳೂರಿನಲ್ಲಿ ಭೂಮಿಯ ಕಾಂತಕ್ಷೇತ್ರ ಸುಮಾರು 40 ಮೈಕ್ರೋಟೆಸ್ಲಾ ಇದ್ದು, ಅದು ಧಾರೆಗೆ ಅಡ್ಡಲಾಗಿದ್ದರೆ 30 ಸೆಂಟಿಮೀಟರ್ ದೂರ ಸಾಗುವಷ್ಟರಲ್ಲಿ ಧಾರೆ 3 ಮಿಲಿಮೀಟರಿಗಿಂತ ಹೆಚ್ಚು ಸರಿದಿರುತ್ತದೆ. ಒಂದೇ ಬಣ್ಣದ ಚುಕ್ಕಿಗಳ ನಡುವಿನ ಅಂತರ 0.28 ಮಿಲಿಮೀಟರ್ ಇರುವ ಪರದೆಯಲ್ಲಿ ಇದು ಅಗಾಧವಾದ ತಪ್ಪು. ಕೊಳವೆಯೊಳಗಿನ ಲೋಹದ ಕವಚ ಇದರ ಬಹುಭಾಗವನ್ನು ತಡೆಯುತ್ತದೆ, ಉಳಿದದ್ದನ್ನು ಕಾರ್ಖಾನೆಯ ಹೊಂದಾಣಿಕೆ ಸರಿದೂಗಿಸುತ್ತದೆ.

ಆ ಹೊಂದಾಣಿಕೆಯನ್ನು ಎಲ್ಲಿಗೆಂದು ಮಾಡಲಾಗಿದೆ ಎಂಬುದು ಮುಖ್ಯ. ಕಾಂತೀಯ ಸಮಭಾಜಕ ವೃತ್ತ ಭಾರತದ ದಕ್ಷಿಣ ತುದಿಯ ಬಳಿ ಹಾದುಹೋಗುತ್ತದೆ. 1963ರಲ್ಲಿ ದೇಶದ ಮೊದಲ ರಾಕೆಟ್ ಹಾರಿಸಲು ತಿರುವನಂತಪುರದ ಬಳಿಯ ತುಂಬಾವನ್ನು ಆರಿಸಿಕೊಂಡದ್ದಕ್ಕೆ ಕಾರಣವೂ ಇದೇ. ಅಲ್ಲಿಂದ ಸುಮಾರು 500 ಕಿಲೋಮೀಟರ್ ಉತ್ತರಕ್ಕಿರುವ ಮಂಗಳೂರಿನಲ್ಲಿ ಭೂಮಿಯ ಕಾಂತರೇಖೆಗಳು ನೆಲಕ್ಕೆ ಬಹುತೇಕ ಸಮಾನಾಂತರವಾಗಿದ್ದು, ನೆಲದೊಳಕ್ಕೆ ಬಾಗುವ ಕೋನ 20 ಡಿಗ್ರಿಗಿಂತ ಕಡಿಮೆ. ಲಂಡನ್ನಿನಲ್ಲಿ ಅದೇ ಕೋನ 66 ಡಿಗ್ರಿಯ ಹತ್ತಿರವಿದೆ. ಆದ್ದರಿಂದಲೇ ಕೆಲವು ತಯಾರಕರು ಉತ್ತರಾರ್ಧಗೋಳಕ್ಕೆ, ಸಮಭಾಜಕ ಪ್ರದೇಶಕ್ಕೆ, ದಕ್ಷಿಣಾರ್ಧಗೋಳಕ್ಕೆ ಎಂದು ಬೇರೆ ಬೇರೆ ಹೊಂದಾಣಿಕೆಯ ಮಾನಿಟರುಗಳನ್ನು ಮಾರುತ್ತಿದ್ದರು. ಉತ್ತರದ ದೇಶಕ್ಕೆಂದು ಹೊಂದಿಸಿದ ಮಾನಿಟರ್ ಗಲ್ಫಿನಿಂದಲೋ ಯುರೋಪಿನಿಂದಲೋ ಊರಿಗೆ ಬರುವವರ ಸಾಮಾನಿನ ಜೊತೆಗೆ ಬಂದಿಳಿದಾಗ ಮೂಲೆಗಳಲ್ಲಿ ಬಣ್ಣ ಕೆಟ್ಟಿದ್ದರೆ, ಅದು ಪ್ರಯಾಣದಲ್ಲಿ ಪೆಟ್ಟು ತಿಂದಿದೆ ಎಂದೇ ತೀರ್ಮಾನಿಸಬೇಕಾಗಿಲ್ಲ.

ಇಲ್ಲಿನ ಕಾಂತಕ್ಷೇತ್ರ ನೆಲಕ್ಕೆ ಸಮಾನಾಂತರವಾಗಿರುವುದರಿಂದ ಇನ್ನೊಂದು ಫಲವೂ ಉಂಟು. ಮಾನಿಟರನ್ನು ಯಾವ ದಿಕ್ಕಿಗೆ ಮುಖ ಮಾಡಿ ಇಟ್ಟಿದ್ದಾರೆ ಎಂಬುದು ಲಂಡನ್ನಿಗಿಂತ ಮಂಗಳೂರಿನಲ್ಲಿ ಹೆಚ್ಚು ಪರಿಣಾಮ ಬೀರುತ್ತದೆ. ಪರದೆ ಉತ್ತರಕ್ಕೋ ದಕ್ಷಿಣಕ್ಕೋ ಮುಖ ಮಾಡಿದ್ದರೆ ಕ್ಷೇತ್ರವು ಕೊಳವೆಯ ಉದ್ದಕ್ಕೇ ಹರಿದು ಇಡೀ ಚಿತ್ರವನ್ನು ತುಸು ತಿರುಚುತ್ತದೆ. ಪೂರ್ವಕ್ಕೋ ಪಶ್ಚಿಮಕ್ಕೋ ಮುಖ ಮಾಡಿದ್ದರೆ ಚಿತ್ರವನ್ನು ತುಸು ಮೇಲಕ್ಕೋ ಕೆಳಕ್ಕೋ ಸರಿಸುತ್ತದೆ. ಕಚೇರಿಯಲ್ಲಿ ಮೇಜು ತಿರುಗಿಸಿದ ಮರುದಿನ ಚಿತ್ರ ಓರೆಯಾಯಿತೆಂದು ದೂರು ಬಂದರೆ ಯೋಕಿಗೆ ಕೈ ಹಾಕುವ ಮೊದಲು ಮೆನುವಿನಲ್ಲಿರುವ ಓರೆ ತಿದ್ದುವ ಆಯ್ಕೆಯನ್ನು ನೋಡುವುದು ಜಾಣತನ. ದಿಕ್ಕು ಬದಲಿಸಿದ ಪ್ರತಿ ಸಲವೂ ಡಿಗಾಸ್ ಮಾಡಬೇಕು. ಕೊಳವೆಯ ಸುತ್ತ ಕಟ್ಟಿದ ತಂತಿಸುರುಳಿಯಲ್ಲಿ ದಿಕ್ಕು ಬದಲಿಸುತ್ತ ಕ್ರಮೇಣ ಕುಗ್ಗುವ ವಿದ್ಯುತ್ತನ್ನು ಹರಿಸಿ ಮಾಸ್ಕಿನಲ್ಲಿ ಉಳಿದ ಹಳೆಯ ಕಾಂತತ್ವವನ್ನು ಅಳಿಸುವ ಕ್ರಿಯೆ ಅದು. ಸ್ವಿಚ್ ಹಾಕಿದ ಕೂಡಲೇ ಕೇಳುವ ಧುಂ ಎಂಬ ಸದ್ದು ಅದರದೇ. ವಿದ್ಯುತ್ತನ್ನು ಕುಗ್ಗಿಸುವ ಥರ್ಮಿಸ್ಟರ್ ಎಂಬ ಬಿಡಿಭಾಗ ಕಾದಾಗ ಅದರ ರೋಧ ಹೆಚ್ಚುವುದರಿಂದಲೇ ಈ ಕೆಲಸ ನಡೆಯುತ್ತದೆ, ಆದ್ದರಿಂದ ಅದು ಆರಲು ಸುಮಾರು ಅರ್ಧ ಗಂಟೆ ಬಿಡದೆ ಮತ್ತೆ ಮತ್ತೆ ಗುಂಡಿ ಒತ್ತಿದರೆ ಉಪಯೋಗವಿಲ್ಲ. ಆ ಸದ್ದೇ ನಿಂತುಹೋಗಿದ್ದರೆ ಥರ್ಮಿಸ್ಟರ್ ಸತ್ತಿರಬಹುದು. ಡಿಗಾಸ್ ಆದ ಮೇಲೂ ಕಲೆ ಅದೇ ಜಾಗದಲ್ಲಿದ್ದರೆ ಪಕ್ಕದಲ್ಲಿ ಸ್ಪೀಕರ್ ಇದೆಯೇ ಎಂದು ನೋಡಬೇಕು. ಅದೂ ಇಲ್ಲದಿದ್ದರೆ ಮಾನಿಟರ್ ಬಿದ್ದು ಮಾಸ್ಕ್ ಬಾಗಿರುವ ಸಾಧ್ಯತೆ ಉಳಿಯುತ್ತದೆ, ಅದಕ್ಕೆ ಪರಿಹಾರವಿಲ್ಲ.

ಚಿತ್ರದ ನಡುಕವೂ ಹಲವು ಸಲ ಹೊರಗಿನಿಂದ ಬಂದದ್ದೇ. ವೋಲ್ಟೇಜ್ ಏರಿಳಿತಕ್ಕೆ ಹೆದರಿ ಮಾನಿಟರಿನ ಪಕ್ಕದಲ್ಲೇ ಸ್ಟೆಬಿಲೈಸರನ್ನೋ ಯುಪಿಎಸ್ಸನ್ನೋ ಇಡುವ ರೂಢಿ ವ್ಯಾಪಕವಾಗಿತ್ತು. ಅವುಗಳ ಟ್ರಾನ್ಸ್‌ಫಾರ್ಮರ್ ಸೆಕೆಂಡಿಗೆ 50 ಬಾರಿ ದಿಕ್ಕು ಬದಲಿಸುವ ಕಾಂತಕ್ಷೇತ್ರವನ್ನು ಸುತ್ತ ಹರಡುತ್ತದೆ. ಚಿತ್ರ ಸೆಕೆಂಡಿಗೆ 60 ಬಾರಿ ಮೂಡುತ್ತಿದ್ದರೆ ಇವೆರಡರ ವ್ಯತ್ಯಾಸವಾದ 10ರ ಲಯದಲ್ಲಿ ಚಿತ್ರದ ಅಂಚುಗಳು ಕಂಪಿಸುತ್ತವೆ, 75ಕ್ಕೆ ಏರಿಸಿದರೆ ಕಂಪನ ಚುರುಕಾಗುತ್ತದೆ. ಲಯ ಹೀಗೆ ಬದಲಾಗುವುದೇ ಕಾರಣ ಹೊರಗಿದೆ ಎಂಬುದಕ್ಕೆ ಬಲವಾದ ಸೂಚನೆ, ಮತ್ತು ಯುಪಿಎಸ್ಸನ್ನು ಒಂದು ಮೀಟರ್ ಆಚೆಗೆ ಸರಿಸಿದರೆ ಅನುಮಾನ ಪರಿಹಾರವಾಗುತ್ತದೆ. ಸರಿಸಿದರೂ ಅಂಚುಗಳು ಅಲೆಯಂತೆ ಬಳುಕುತ್ತಿದ್ದರೆ ಪವರ್ ಸಪ್ಲೈಯ ದೊಡ್ಡ ಕಂಡೆನ್ಸರ್ ಒಣಗಿದೆ. ಈ ಎಲೆಕ್ಟ್ರೋಲಿಟಿಕ್ ಕಂಡೆನ್ಸರುಗಳಲ್ಲಿರುವ ದ್ರವವು ಕಾವಿಗೆ ಮೆಲ್ಲಗೆ ಆವಿಯಾಗಿ ಹೋಗುತ್ತದೆ. ಕಾವು 10 ಡಿಗ್ರಿ ಏರಿದರೆ ಆಯುಸ್ಸು ಅರ್ಧಕ್ಕಿಳಿಯುತ್ತದೆ ಎಂಬುದು ಎಂಜಿನಿಯರುಗಳ ಸ್ಥೂಲ ನಿಯಮವಾಗಿರುವುದರಿಂದ, ಫ್ಯಾನಿಲ್ಲದ ಪೆಟ್ಟಿಗೆಯ ಗಾಳಿಕಂಡಿಗಳ ಮೇಲೆ ಕಡತಗಳನ್ನು ಪೇರಿಸಿಟ್ಟ ಕಚೇರಿಗಳಲ್ಲಿ ಅವು ಬೇಗ ಸೋಲುವುದು ಸಹಜ. ಚಿತ್ರದ ಮೇಲ್ತುದಿಯಲ್ಲಿ ಕೆಲವು ಗೆರೆಗಳು ಮಡಿಚಿ ಬಿದ್ದಿದ್ದರೆ ಧಾರೆಯನ್ನು ಮೇಲಿನಿಂದ ಕೆಳಗೆ ಇಳಿಸುವ ಲಂಬ ಮಂಡಲದ ಚಿಕ್ಕ ಕಂಡೆನ್ಸರನ್ನು ನೋಡಬೇಕು. ಇಡೀ ಚಿತ್ರ ಕುಸಿದು ನಡುವೆ ಒಂದೇ ಒಂದು ಅಡ್ಡಗೆರೆ ಉಳಿದಿದ್ದರೆ ಲಂಬ ಮಂಡಲವೇ ಸತ್ತಿದೆ. ಆಗ ತಕ್ಷಣ ಪ್ರಕಾಶ ತಗ್ಗಿಸದಿದ್ದರೆ ಧಾರೆಯ ಪೂರ್ತಿ ಶಕ್ತಿ ಒಂದೇ ಗೆರೆಯ ಮೇಲೆ ಬಿದ್ದು ಫಾಸ್ಫರ್ ಶಾಶ್ವತವಾಗಿ ಸುಡುತ್ತದೆ.

ಪೆಟ್ಟಿಗೆಯನ್ನು ಬಿಚ್ಚುವ ಮೊದಲು ಎರಡು ಅಪಾಯಗಳನ್ನು ಅರಿತಿರಬೇಕು. 230 ವೋಲ್ಟಿನ ಮನೆವಿದ್ಯುತ್ತು ಒಳಗೆ ಸುಮಾರು 325 ವೋಲ್ಟಿನ ನೇರವಿದ್ಯುತ್ತಾಗಿ ಕಂಡೆನ್ಸರಿನಲ್ಲಿ ನಿಂತಿರುತ್ತದೆ. ಪಿಕ್ಚರ್ ಟ್ಯೂಬಿನ ಗಾಜೇ ಒಂದು ಕಂಡೆನ್ಸರಾಗಿ ವರ್ತಿಸಿ, ಪ್ಲಗ್ ತೆಗೆದ ಬಹಳ ಹೊತ್ತಿನ ಮೇಲೂ ಸಾವಿರಾರು ವೋಲ್ಟನ್ನು ಹಿಡಿದಿಟ್ಟಿರಬಹುದು. ಕೊಳವೆಯ ಹೊರಮೈಯ ಕಪ್ಪು ಲೇಪಕ್ಕೆ ಸೇರಿಸಿದ ನೆಲತಂತಿಗೆ ಜೋಡಿಸಿದ ಸಾಧನದಿಂದ ಆನೋಡಿನ ವಿದ್ಯುತ್ತನ್ನು ಹರಿಸಿದ ಬಳಿಕವೇ ಕೆಲಸಕ್ಕಿಳಿಯಬೇಕು, ಕೊಳವೆಯ ತೆಳು ಕತ್ತಿಗೆ ಪೆಟ್ಟು ತಾಗದಂತೆಯೂ ನೋಡಿಕೊಳ್ಳಬೇಕು. ತರಬೇತಿ ಇಲ್ಲದವರು ಮುಚ್ಚಳ ತೆಗೆಯದಿರುವುದೇ ಸರಿ. ಮೇಲೆ ಹೇಳಿದ ಪರೀಕ್ಷೆಗಳಲ್ಲಿ ಬಹಳಷ್ಟಕ್ಕೆ ಅದರ ಅಗತ್ಯವೂ ಇಲ್ಲ.

ಇಷ್ಟೆಲ್ಲ ದೋಷಗಳಲ್ಲಿ, ಬಾಗಿದ ಮಾಸ್ಕಿನಂತೆಯೇ, ಕೊಳವೆಯ ಸ್ವಂತ ಮುಪ್ಪೂ ಗುಣವಾಗುವಂಥದ್ದಲ್ಲ. ಕ್ಯಾಥೋಡಿನ ಲೇಪ ಸವೆದಂತೆ ಚಿತ್ರ ಮೂಡಲು ಹೆಚ್ಚು ಹೊತ್ತು ಬೇಕಾಗುತ್ತದೆ, ಮೊದಲ ಕೆಲವು ನಿಮಿಷ ಒಂದು ಬಣ್ಣ ಹಿಂದೆ ಬೀಳುತ್ತದೆ, ಪ್ರಕಾಶ ಹೆಚ್ಚಿಸಿದರೆ ಬಿಳಿಯ ಭಾಗಗಳು ಬೆಳ್ಳಿಯ ಹೊಳಪಿನಂತೆ ಚಪ್ಪಟೆಯಾಗಿ ಹರಡುತ್ತವೆ. ಫ್ಲೈಬ್ಯಾಕಿನ ಸ್ಕ್ರೀನ್ ತಿರುಗಣೆಯನ್ನು ಏರಿಸಿ ಬೆಳಕು ಹೆಚ್ಚಿಸುವ ಪ್ರಯತ್ನ ಬಹಳ ಕಡೆ ನಡೆಯುತ್ತಿತ್ತು, ಆದರೆ ಅದು ಮಿತಿ ಮೀರಿದಾಗ ಧಾರೆ ಹಿಂದಿರುಗುವ ಹಾದಿಯೂ ಬೆಳಗಿ ಪರದೆಯ ಮೇಲೆ ತೆಳುವಾದ ಓರೆಗೆರೆಗಳು ಕಾಣತೊಡಗುತ್ತವೆ, ಕಪ್ಪು ಬೂದಿಯಾಗುತ್ತದೆ. ಹೀಟರಿಗೆ ಹೆಚ್ಚು ವೋಲ್ಟ್ ಕೊಟ್ಟು ಕ್ಯಾಥೋಡಿಗೆ ಮರುಜೀವ ಕೊಡುವ ಸಾಧನಗಳೂ ಇದ್ದವು. ಅವುಗಳಿಂದ ಸಿಗುವ ಹುರುಪು ಸಾಮಾನ್ಯವಾಗಿ ಅಲ್ಪಾಯು. ಅಂಥ ಮಾನಿಟರಿನ ಫ್ಲೈಬ್ಯಾಕ್, ಯೋಕ್, ಕತ್ತಿನ ಬೋರ್ಡುಗಳು ಅದೇ ಮಾದರಿಯ ಇನ್ನೊಂದಕ್ಕೆ ನೆರವಾಗಬಲ್ಲವು, ಮತ್ತು ಹೊಸ ಬಿಡಿಭಾಗಗಳ ತಯಾರಿಕೆ ನಿಂತಿರುವ ಈ ಕಾಲದಲ್ಲಿ ಅವುಗಳನ್ನು ಜೋಪಾನವಾಗಿ ಕಳಚಿ ಇಡುವುದು ಅಗತ್ಯ. ಗಾಜಿನ ಮಾತು ಬೇರೆ. ಎಕ್ಸ್ ಕಿರಣ ಹೊರಬರದಂತೆ ತಡೆಯಲು ಕೊಳವೆಯ ಹಿಂಬದಿಯ ಗಾಜಿಗೆ ಸೀಸ ಬೆರೆಸಿರುವುದರಿಂದ, ತಾಮ್ರದ ತಂತಿಗಾಗಿ ಅದನ್ನು ಬಯಲಲ್ಲಿ ಒಡೆದು ಚೂರುಗಳನ್ನು ಮಳೆಗೆ ಬಿಟ್ಟರೆ ಸೀಸ ಮಣ್ಣಿಗೂ ಬಾವಿಯ ನೀರಿಗೂ ಇಳಿಯುವ ಅಪಾಯವಿದೆ; 2011ರಲ್ಲಿ ಮೊದಲ ಬಾರಿ ಹೊರಬಂದು 2016ರಲ್ಲಿ, ಮತ್ತೆ 2022ರಲ್ಲಿ ಹೊಸ ರೂಪ ಪಡೆದ ಕೇಂದ್ರ ಸರಕಾರದ ಇ-ತ್ಯಾಜ್ಯ ನಿಯಮಗಳ ಪ್ರಕಾರ ಇಂಥ ಕೊಳವೆಗಳು ಗುಜರಿ ಅಂಗಡಿಗಲ್ಲ, ನೋಂದಾಯಿತ ಮರುಬಳಕೆ ಘಟಕಕ್ಕೆ ಇಡಿಯಾಗಿಯೇ ಹೋಗಬೇಕು.